ಪೊದೆ ಇದ್ದ ಜಾಗ

ನಮ್ಮೂರು ಬೂದಿಗೆರೆ ಕಡೆಯದು. ಶಾಲೆಯ ಹಿಂದೆ ಗುಂಡುತೋಪು, ತೋಪಿನ ಮೂಲೆಯಲ್ಲಿ ಮಳೆನೀರು ನಿಲ್ಲುವ ಒಂದು ಕುಂಟೆ. ಸುತ್ತಲ ಹೊಲಗಳೆಲ್ಲ ಲೇಔಟ್ ಆದ ಮೇಲೆ ಹಸುರು ಅಂತ ಉಳಿದದ್ದು ಅದೊಂದೇ. ಬೆಂಗಳೂರಿನಿಂದ ಒಂದು ಸಂಸ್ಥೆಯವರು ಬಂದರು. ಈ ತೋಪು ಮುಂದೆ ಹೇಗಿರಬೇಕು ಅನ್ನುವುದನ್ನು ಮಕ್ಕಳೇ ಚಿತ್ರ ಬರೆದು ತೋರಿಸಲಿ, ಹಾಗೇ ಮಾಡಿಕೊಡುತ್ತೇವೆ ಅಂದರು. ನಾನು ನಂಬಲಿಲ್ಲ. ಹೆಂಗಸರ ಮಾತನ್ನೇ ಕೇಳದ ಊರು ಮಕ್ಕಳ ಮಾತು ಕೇಳೀತೆ?

ನನ್ನ ಮೊಮ್ಮಗಳು ನಂಬಿದಳು. ಆಗ ಅವಳು ಆರನೇ ಕ್ಲಾಸು. ಯಾರೋ ನೇರಳೆ ಮರ ಬೇಕೆಂದರು, ಇನ್ಯಾರೋ ಎಮ್ಮೆ ನೀರಿಗಿಳಿಯಲು ದಾರಿ ಬೇಕೆಂದರು. ಇವಳ ಪಾಲಿಗೆ ಬಂದದ್ದು ಕುಂಟೆ ದಂಡೆಯ ಪೊದೆ. ಕಾರೆ, ಕವಳೆಯಂಥ ಮುಳ್ಳುಗಿಡ, ಲಕ್ಕಿ ಎಲ್ಲ ಹೆಣೆದುಕೊಂಡು ಕೈ ತೂರದಷ್ಟು ದಟ್ಟವಾಗಿತ್ತು. ಒಳಗೆ ಗೌಜಲಕ್ಕಿಯ ಸಂಸಾರ. ಶಾಲೆ ಬಿಟ್ಟ ಮೇಲೆ ಹೋಗಿ ಕೂತು, ಮರಿಗಳು ತಾಯಿಯ ಹಿಂದೆ ಓಡುವುದನ್ನು ನೋಡಿ ಬರುತ್ತಿದ್ದಳು. ಪೊದೆಯನ್ನು ಯಾರೂ ಮುಟ್ಟಬಾರದು, ಇದ್ದ ಹಾಗೇ ಬಿಡಬೇಕು ಎಂದು ಬರೆದಳು. ಬೆಂಗಳೂರಿನವರು ಒಪ್ಪಿದರು. ತೋಪಿನ ಉದ್ಘಾಟನೆಯ ದಿನ ಪೊದೆ ಮುಂದೆ ನಿಂತು ನೀನೇ ವಿವರಿಸು ಅಂದರು. ಅಲ್ಲಿಂದ ಒಲೆ ಮುಂದೆಯೂ ಅದೇ ಭಾಷಣ, ಹಸುವಿನ ಮುಂದೆಯೂ ಅದೇ ಭಾಷಣ. ನನ್ನ ತಲೆ ತಿಂದುಬಿಟ್ಟಳು.

ಹೊರಗಿನವರು ಬರುತ್ತಾರೆ ಅಂದರೆ ನಮ್ಮವರಿಗೆ ತೋಚುವುದು ಒಂದೇ. ಕೆರೆದು, ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಡುವುದು. ಉದ್ಘಾಟನೆಯ ಹಿಂದಿನ ದಿನ, ಮಕ್ಕಳು ಪಾಠದಲ್ಲಿದ್ದಾಗ, ತೋಪಿಗೆ ಜೆಸಿಬಿ ಬಂತು. ತರಿಸಿದವನು ಪಂಚಾಯಿತಿ ಮೆಂಬರ್, ನನ್ನ ಮೈದುನನ ಮಗನೇ. ಸದ್ದು ಕೇಳಿ ಓಡುವಷ್ಟರಲ್ಲಿ ಅರ್ಧ ಪೊದೆ ಬೇರುಸಮೇತ ಮೇಲೆ ಬಂದಿತ್ತು.

"ಅದನ್ನ ಬಿಡ್ಬೇಕು ಅಂತ ಮಕ್ಕಳು ಬರ್ದವ್ರೆ ಕಣೋ, ನಿಲ್ಸೋ" ಅಂದೆ.

"ನೆಂಟ್ರು ಬತ್ತಾರೆ ಅಂದ್ರೆ ನೀನು ಮನೆ ಮುಂದೆ ಗುಡಿಸಲ್ವಾ ದೊಡ್ಡಮ್ಮ? ಊರೊಳಗೆ ಕಾಡು ಬೆಳ್ಸ್ಕೊಂಡವ್ರೆ ಅಂತ ಅನ್ನಿಸ್ಕೊಬೇಕಾ? ಸುಮ್ನೆ ಆ ಕಡೆ ನಿಂತ್ಕೊ, ಮಣ್ಣು ಬಿದ್ದಾತು."

ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಅದೇ ನನಗೆ ಇನ್ನೂ ಉರಿಯುವುದು. ಕೆಟ್ಟ ಮನಸ್ಸಿದ್ದಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಊರಿನ ಮಾನ ಉಳಿಸಿದೆ ಅಂತಲೇ ಅವನು ತಿಳಿದಿದ್ದ. ಸಂಜೆ ಸ್ತ್ರೀಶಕ್ತಿ ಸಂಘದವರು ಆ ಜಾಗಕ್ಕೆ ನೀರು ಹಾಕಿ ಚಾಪೆಯಗಲದ ರಂಗೋಲಿ ಬಿಟ್ಟರು. ಚೆನ್ನಾಗಿಯೇ ಇತ್ತು.

ಮೊಮ್ಮಗಳು ರಾತ್ರಿ ಅನ್ನ ಮುಟ್ಟಲಿಲ್ಲ. ಬೆಳಿಗ್ಗೆ ಮಾತ್ರ ಯೂನಿಫಾರಂ ಹಾಕಿಕೊಂಡು ಹೋಗಿ ರಂಗೋಲಿ ಪಕ್ಕ ನಿಂತಳು. ಅವಳ ಸರದಿ ಬಂತು. "ಇಲ್ಲಿ ಒಂದು ಪೊದೆ ಇತ್ತು" ಅಂದಳು. ಭಾಷಣ ಅಷ್ಟಕ್ಕೇ ಮುಗಿಯಿತು. ಮೇಷ್ಟರು ಹಿಂದಿನಿಂದ ಮೆಲ್ಲಗೆ ತಿವಿದರು. ಬೆಂಗಳೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೊದೆ ಏನಾಯಿತು ಅಂತ ಕೇಳಿಯಾರು, ಒಬ್ಬರಾದರೂ ಕೇಳಿಯಾರು ಅಂತ ನಾನು ಕಾದೆ. ಅವರಲ್ಲೊಬ್ಬ ಹೆಂಗಸು ಚಪ್ಪಾಳೆ ತಟ್ಟಿದಳು, ಮಿಕ್ಕವರೂ ತಟ್ಟಿದರು, ಎಲ್ಲರೂ ಮುಂದಿನ ಮಗುವಿನ ಹತ್ತಿರ ನಡೆದರು. ಮೆಂಬರ್ ಅಲ್ಲೇ ಎರಡು ಪಾಮ್ ಗಿಡ ನೆಡಿಸಿ ಫೋಟೋ ತೆಗೆಸಿಕೊಂಡ. ಬೇಸಿಗೆಗೆ ಅವು ಒಣಗಿದವು.

ಈ ವರ್ಷ ಬೇರೆ ಯಾರೋ ಬಂದು ಮತ್ತೆ ಹಾಳೆ ಹಂಚಿದರು. ಈ ಸಲ ಕೆರೆ ದಂಡೆ ಹೇಗಿರಬೇಕು ಅಂತ ಬರೆಯಬೇಕಂತೆ. ಮೊಮ್ಮಗಳು ಜಗಲಿ ಮೇಲೆ ಕೂತು ಸಿಮೆಂಟ್ ಬೆಂಚು, ಒಂದೇ ಸಮ ಕತ್ತರಿಸಿದ ಹುಲ್ಲು, ಬಣ್ಣದ ದೀಪ, ಎಲ್ಲ ಅಂದವಾಗಿ ಬರೆದಳು. ಒಂದು ಮುಳ್ಳುಗಿಡವೂ ಇಲ್ಲವಲ್ಲೇ ಅಂದೆ.

"ಇದಾದ್ರೆ ಮಾಡ್ತಾರೆ ಕಣಜ್ಜಿ" ಅಂದಳು, ತಲೆ ಎತ್ತದೆ.

ಮೇಷ್ಟರು ಅದನ್ನು ಶಾಲೆಯ ಗೋಡೆಗೆ ಅಂಟಿಸಿದ್ದಾರೆ.