ಎರಡು ಬೀಗದ ಟೆಲಿಫೋನು

ಬೀಗ ಹಾಕಿದ ಪೆಟ್ಟಿಗೆಯೊಳಗೆ ಟೆಲಿಫೋನು ಬಡಿದುಕೊಳ್ಳುವುದನ್ನು ನೀವು ಕೇಳಿದ್ದೀರಾ? ನಾನು ಕೇಳಿದ್ದೇನೆ. ಕೈಕಟ್ಟಿ ಕೂತು ಕೇಳಿದ್ದೇನೆ.

ಯಳಂದೂರಿನ ನಮ್ಮ ರೇಷ್ಮೆ ಬೆಳೆಗಾರರ ಸೊಸೈಟಿಗೆ ಈ ವರ್ಷ ಫೋನು ಬಂತು. (ನಾನು ಅಲ್ಲಿ ಕಮಿಟಿ ಮೆಂಬರು.) ಪ್ಲಾನ್ ಸರಳ. ಗೂಡಿನ ಹರಾಜು ಯಾವತ್ತು ಇದೆ, ಯಾವತ್ತು ಇಲ್ಲ ಎಂದು ಬೆಳಿಗ್ಗೆ ಎಂಟಕ್ಕೆ ಕೊಳ್ಳೇಗಾಲದ ಮಾರ್ಕೆಟ್ಟಿನಿಂದ ಸುದ್ದಿ ಬರುತ್ತದೆ. ನಾವು ಅದನ್ನು ಬಸ್ ಕಂಡಕ್ಟರ್ ಕೈಲಿ ಹಳ್ಳಿಗಳಿಗೆ ಹೇಳಿ ಕಳಿಸಬೇಕು.

ಆದರೆ ಫೋನು ಯಾರ ಮೇಜಿನ ಮೇಲಿರಬೇಕು?

"ಅಧ್ಯಕ್ಷ ಅಂತ ಯಾಕ್ ಇದ್ದೀನಿ ಮತ್ತೆ?" ಎಂದರು ಅಧ್ಯಕ್ಷರು. "ಕೆಲ್ಸ ಗೇಯೋನು ನಾನು ಕಣ್ರಿ" ಎಂದರು ಸೆಕ್ರೆಟರಿ. ಮೂರು ಮೀಟಿಂಗ್ ಇದರಲ್ಲೇ ಕಳೆಯಿತು. ಕೊನೆಗೆ ರಾಜಿ ಮಾಡಿಸಿದವನು ನಾನೇ. ಫೋನಿಗೊಂದು ಮರದ ಪೆಟ್ಟಿಗೆ, ಪೆಟ್ಟಿಗೆಗೆ ಎರಡು ಬೀಗ, ಇಬ್ಬರಿಗೂ ಒಂದೊಂದು ಕೀಲಿಕೈ! ಎಲ್ಲರೂ ಭೇಷ್ ಎಂದರು. ನಾನು ಉಬ್ಬಿಹೋದೆ.

ಒಂದು ಸೋಮವಾರ ಎಂಟಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು. ಸೆಕ್ರೆಟರಿ ತಮ್ಮ ಬೀಗ ತೆಗೆದರು. ಅಧ್ಯಕ್ಷರು ಸತ್ತೇಗಾಲದ ಮದುವೆಯಲ್ಲಿದ್ದರು, ಕೀಲಿಕೈ ಅವರ ಉಡಿದಾರದಲ್ಲಿತ್ತು.

"ಒಡೆದುಬಿಡಿ" ಎಂದೆ.

"ಒಡುದ್ರೆ ನನ್ ಮೇಲೆ ಬತ್ತದೆ. ನೀವ್ ಬರ್ದು ಕೊಡ್ತೀರಾ ಸಾ?"

ನಾನು ಬರೆದು ಕೊಡಲಿಲ್ಲ. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಸುದ್ದಿ ಏನೆಂದು ಸಂಜೆ, ಹಳ್ಳಿಗಳ ಕೊನೆಯ ಬಸ್ ಹೋದ ಮೇಲೆ ತಿಳಿಯಿತು: ಗೂಡು ಇವತ್ತೇ ತನ್ನಿ, ನಾಳೆಯಿಂದ ಐದು ದಿನ ಹರಾಜಿಲ್ಲ.

ಇದು ಗೊತ್ತಿಲ್ಲದ ಮಾಂಬಳ್ಳಿಯ ಮಾದೇವಮ್ಮ ಮಂಗಳವಾರ ಗೂಡು ಹೊತ್ತು ಕೊಳ್ಳೇಗಾಲಕ್ಕೆ ಹೋದಳು. ಹೊತ್ತದ್ದನ್ನೇ ಹೊತ್ತು ವಾಪಸ್ ಬಂದಳು. ಮತ್ತೆ ಹರಾಜು ಶುರುವಾಗುವಷ್ಟರಲ್ಲಿ ಗೂಡು ತೂತು ಮಾಡಿಕೊಂಡು ಚಿಟ್ಟೆಗಳು ಹೊರಬಂದಿದ್ದವು. ತೂತಾದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಒಂದು ಇಡೀ ಬೆಳೆ ಹಾಳು.

ಅವಳು ಒಂದು ಮೊರ ತೂತು ಗೂಡನ್ನು ತಂದು ನಮ್ಮ ಆಫೀಸಿನಲ್ಲಿ ಸುರಿದಳು.

"ಆವತ್ತು ಫೋನು ಬಡ್ಕಂತಾ ಸಾ?"

"ಬಡ್ಕೊಳ್ತು ಕಣಮ್ಮಾ."

"ನಿಮ್ಗೆ ಕೇಳುಸ್ತಾ?"

"ಕೇಳಿಸ್ತು."

"ಮತ್ತೆ?"



ಕೂಡಲೇ ಸಭೆ ಸೇರಿತು. ಠರಾವೂ ಆಯಿತು: ಟೆಲಿಫೋನು ನಮ್ಮ ಹಳ್ಳಿಗಳಿಗೆ ಹೊಂದುವುದಿಲ್ಲ, ವಾಪಸ್ ಕಳಿಸತಕ್ಕದ್ದು. ನಾನೊಬ್ಬ ವಿರೋಧ ಬರೆಸಿದೆ. ಫೋನು ನೆಟ್ಟಗೇ ಇತ್ತು, ಕೆಟ್ಟವರು ನಾವು. (ಬೀಗದ ಐಡಿಯಾ ನನ್ನದೆಂದೂ ಸೇರಿಸಿದೆ.) ನಾಳೆ ಇದಕ್ಕಿಂತ ದೊಡ್ಡ ಮೆಷಿನ್‌ಗಳು ಬರುತ್ತವೆ. ಅವು ಕೆಲಸ ಮಾಡದಿದ್ದರೆ ಮೊದಲು ಬಿಚ್ಚಿ ನೋಡಬೇಕಾದ್ದು ಕಮಿಟಿಯನ್ನು. ನನಗಂತೂ ಇದರಲ್ಲಿ ಅನುಮಾನವಿಲ್ಲ.

ಹೋದ ಶುಕ್ರವಾರ ಫೋನು ಬಿಚ್ಚಿಕೊಂಡು ಹೋಗಲು ಲೈನ್‌ಮನ್ ಬಂದ. ಪೆಟ್ಟಿಗೆ ತೆಗೆಯಬೇಕಲ್ಲ? ಬೆಳಿಗ್ಗೆ ಎಂಟಕ್ಕೇ ಇಬ್ಬರೂ ಕೀಲಿಕೈ ಹಿಡಿದು ಹಾಜರಿದ್ದರು!