ನನಗಿಂತ ಮುಂದೆ ನಡೆದವರು

ದೆವ್ವ, ಗಾಳಿ, ಸೋಂಕು ಎಂದರೆ ನಕ್ಕುಬಿಡುವವಳು ನಾನು. ಅದಕ್ಕೆ ಕಾರಣವೂ ಇದೆ. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತು. ಅದಕ್ಕಾಗಿ ಅಮ್ಮ ಹಲಸೂರಿನ ಗುಡಿಯಲ್ಲಿ ಹರಕೆ ಹೊತ್ತಳು, ದರ್ಗಾದಲ್ಲಿ ತಾಯಿತ ಕಟ್ಟಿಸಿದಳು, ಶಿವಾಜಿನಗರದ ಚರ್ಚಿನಲ್ಲಿ ಮೇಣದ ಕಾಲು ಒಪ್ಪಿಸಿದಳು. ಎಲ್ಲ ದೇವರೂ ಕೇಳಿಸಿಕೊಂಡು ಸುಮ್ಮನಾದರು. ಆಮೇಲೆ ಕಣ್ಣಿಗೆ ಕಾಣದ್ದನ್ನು ನಂಬುವ ಗೊಡವೆಗೆ ನಾನು ಹೋಗಲಿಲ್ಲ. ಅಂಥವಳು ಇದನ್ನು ಬರೆಯಲು ಕೂತಿದ್ದಾಳೆ ಎಂದರೆ ನಿಮಗೆ ನಗು ಬರಬಹುದು. ನಗಿ, ಬೇಡ ಅನ್ನುವುದಿಲ್ಲ. ಪೂರ್ತಿ ಓದಿ ಆಮೇಲೆ ನಗಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತೆ, ಬೆನ್ಸನ್ ಟೌನಿನಲ್ಲಿ ಬಾಡಿಗೆ ಮನೆ. ನಾವು ಹನ್ನೊಂದು ಜನ ಸೇರಿ ತಿಂಗಳಿಗೊಂದು ಭಾನುವಾರ ನಡೆಯಲು ಹೋಗುತ್ತಿದ್ದೆವು. ಬೆಟ್ಟ ಹತ್ತುವ ಪೈಕಿ ಅಲ್ಲ. ಮಂಡಿನೋವಿನವರು, ಎದೆಯ ಆಪರೇಷನ್ ಆದವರು, ನಿಮಗ್ಯಾಕೆ ಬೇಕು ಇದೆಲ್ಲ ಎಂದು ಮನೆಯವರಿಂದ ಬೈಸಿಕೊಂಡು ಬಂದವರು, ಜೊತೆಗೆ ಕಾಲು ಗಟ್ಟಿಯಿದ್ದೂ ಅವಸರವಿಲ್ಲದ ಮೂರು ನಾಲ್ಕು ಜನ. ಕೆ.ಆರ್. ಪುರದ ಆಚೆ ಆಗ ಇನ್ನೂ ಕೆರೆಗಳಿದ್ದವು, ಏರಿಯ ಕೆಳಗೆ ನೀಲಗಿರಿ ತೋಪುಗಳಿದ್ದವು. ಶಿವಾಜಿನಗರದಿಂದ ಮೊದಲ ಬಸ್ಸು ಹಿಡಿದು ಹೋಗಿ, ಕೆರೆ ಸುತ್ತಿ, ತೋಪಿನಲ್ಲಿ ಕೂತು ಚಿತ್ರಾನ್ನವೋ ಇಡ್ಲಿಯೋ ಹಂಚಿಕೊಂಡು ವಾಪಸ್ಸು ಬರುತ್ತಿದ್ದೆವು.

ನಮ್ಮಲ್ಲಿ ನಿಯಮ ಅಂತ ಇದ್ದದ್ದು ಒಂದೇ. ಎಲ್ಲರಿಗಿಂತ ನಿಧಾನ ಯಾರೋ ಅವರು ಮುಂದೆ ನಡೆಯಬೇಕು, ಅವರನ್ನು ಯಾರೂ ದಾಟಬಾರದು. ಹೀಗೆ ಮಾಡಿದರೆ ಯಾರೂ ಹಿಂದೆ ಬೀಳುವುದಿಲ್ಲ. ಆ ಮುಂದಿನ ಜಾಗ ನನ್ನದು. ಬಲಗೈಯಲ್ಲಿ ಕೋಲು, ಎಡಗಾಲಿಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್. ಕೋಲು ಟಕ್ ಅನ್ನುತ್ತದೆ, ಮಂಡಿಯ ಹತ್ತಿರದ ಕೀಲು ಕಿರ್ರ್ ಅನ್ನುತ್ತದೆ. ನನ್ನ ಹಿಂದೆ, ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ಅನ್ಸರ್ ಭಾಯಿ. ಅವರು ಹುಟ್ಟು ಕುರುಡರು, ಕುರ್ಚಿಗೆ ಬೆತ್ತ ಹೆಣೆಯುವ ಕೆಲಸ. ಕಟ್ಟಕಡೆಗೆ ಪೀಪಿ ಹಿಡಿದುಕೊಂಡು ರಾಯರು, ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು.

ಆ ತಿಂಗಳು ರಾಯರು ಹೊಸ ಮಾತು ತೆಗೆದರು. "ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ನೀವೂ ಭಾಯಿನೂ ಬಸ್ ಸ್ಟಾಪ್ ಹತ್ರ ಅರಳಿಕಟ್ಟೆ ಮೇಲೆ ಕೂತಿರಿ. ನಾವು ಒಂದು ರೌಂಡ್ ಹೊಡ್ಕೊಂಡು ಬಂದ್ಬಿಡ್ತೀವಿ, ಆಮೇಲೆ ಒಟ್ಟಿಗೆ ತಿಂಡಿ ತಿನ್ನೋಣ."

ಸ್ಕೂಲಿನ ಡ್ರಿಲ್ ಪೀರಿಯಡ್ಡಿನಲ್ಲಿ, ನೆಂಟರ ಮದುವೆಗಳಲ್ಲಿ, ಕಚೇರಿಯ ಪಿಕ್ನಿಕ್ಕಿನಲ್ಲಿ, ಜನ್ಮವಿಡೀ ನನ್ನ ಒಳ್ಳೆಯದಕ್ಕೇ ನನ್ನನ್ನು ಎಲ್ಲಾದರೂ ಒಂದು ಕಡೆ ಕೂರಿಸಿದ್ದಾರೆ. ಆಗುವುದಿಲ್ಲ ಅಂದೆ. ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಈ ಸಲ ನಾನು ಎಂಟೂವರೆಯೊಳಗೆ ಏರಿಯ ಆ ತುದಿಯ ತೂಬಿನ ಹತ್ತಿರ ಎಲ್ಲರನ್ನೂ ಮುಟ್ಟಿಸಿದರೆ ನಿಯಮ ಇದ್ದ ಹಾಗೇ ಇರುತ್ತದೆ. ಇಲ್ಲದಿದ್ದರೆ ನಾನು ಕಟ್ಟೆ ಮೇಲೆ.

ಡಿಸೆಂಬರಿನ ಬೆಳಗು. ಬಸ್ಸಿಳಿದಾಗಲೇ ಮಂಜು ದಟ್ಟವಾಗಿತ್ತು, ಏರಿ ಹತ್ತಿದ ಮೇಲಂತೂ ನನ್ನ ಕೋಲಿನ ತುದಿ ನನಗೇ ಕಾಣುತ್ತಿರಲಿಲ್ಲ. ದಾರಿ ಗೊತ್ತಿದ್ದದ್ದೇ. ಬಲಕ್ಕೆ ಕೆರೆ, ಎಡಕ್ಕೆ ಇಳಿಜಾರು, ಎರಡೂ ಕಡೆ ಲಂಟಾನಾ ಪೊದೆ, ನಡುವೆ ಒಬ್ಬರೇ ನಡೆಯುವಷ್ಟು ಕಾಲುದಾರಿ. ನಾನು ಹಟ ಹಿಡಿದು ಬೇಗ ಬೇಗ ಹೆಜ್ಜೆ ಹಾಕಿದೆ. ಅರ್ಧ ಏರಿ ದಾಟಿದಾಗ ಎಂಟು ಗಂಟೆಯೂ ಆಗಿರಲಿಲ್ಲ. ಗೆದ್ದೆ ಅಂದುಕೊಂಡೆ.

ಆಗ ನನ್ನ ಮುಂದೆ ಶಬ್ದ ಕೇಳಿಸಿತು. ಟಕ್, ಕಿರ್ರ್. ಸ್ವಲ್ಪ ಬಿಟ್ಟು ಮತ್ತೆ ಟಕ್, ಕಿರ್ರ್.

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ನನ್ನ ಮುಂದೆ ಯಾರೂ ಹೋಗಬಾರದು ಅನ್ನುವುದು ಗೊತ್ತಿದ್ದೂ ಇದ್ಯಾರಪ್ಪಾ ನುಗ್ಗಿದ್ದು ಅಂದುಕೊಂಡೆ. ಯಾರ್ರೀ ಅದು ಎಂದು ಕೂಗಿದೆ. ಟಕ್, ಕಿರ್ರ್ ಹಾಗೇ ಮುಂದೆ ಸಾಗಿತು. ಆ ನಡಿಗೆ ನನ್ನದಕ್ಕಿಂತ ನಿಧಾನ. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ಸುಧಾರಿಸಿಕೊಂಡು ಮತ್ತೆ ನಡೆದ ಹಾಗೆ. ದಾಟಿ ಹೋಗಲು ಜಾಗವಿಲ್ಲ. ವಿಧಿಯಿಲ್ಲದೆ ನಾನೂ ನಿಧಾನ ಮಾಡಿದೆ. ಯಾರಿಗೋಸ್ಕರವಾದರೂ ನಾನು ನಡಿಗೆ ತಗ್ಗಿಸಿದ್ದು ಬದುಕಿನಲ್ಲಿ ಅದೇ ಮೊದಲು. ಬೇರೆಯವರಿಗೆ ನನ್ನ ಹಿಂದೆ ನಡೆಯುವಾಗ ಹೀಗೆಯೇ ಆಗುತ್ತಿತ್ತೇನೋ ಎಂದು ಒಂದು ಗಳಿಗೆ ಅನ್ನಿಸಿತು.

"ಅಕ್ಕಾ, ಯಾಕೆ ನಿಧಾನ ಆದ್ರಿ?" ಎಂದರು ಅನ್ಸರ್ ಭಾಯಿ.

"ಮುಂದೆ ಯಾರೋ ಹೋಗ್ತಿದಾರೆ ಭಾಯ್."

"ಹೂಂ, ಆಗ್ಲಿಂದ ಕೇಳ್ತಾ ಇದೀನಿ. ನಿಮ್ ಥರಾನೇ ಕಾಲು. ನಿಮಗಿಂತ ಕಷ್ಟ ಪಡ್ತಿದಾರೆ, ಪಾಪ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಅವರಿಗೆ ಯಾವ ಶಬ್ದ, ಎಂಥ ಕಾಲು ಎಂದು ಹೇಳಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಶಬ್ದ ಎಡಕ್ಕೆ ತಿರುಗಿತು. ಅಲ್ಲಿ ದನಗಳು ತೋಪಿಗೆ ಇಳಿಯುವ ಸಣ್ಣ ಜಾಡಿದೆ. ನಮ್ಮ ದಾರಿ ಮಾತ್ರ ನೇರ, ತೂಬಿನ ಕಡೆಗೆ. ನಾನು ನಿಂತೆ. ನೇರ ಹೋದರೆ ಇನ್ನೂ ಹೊತ್ತು ಇತ್ತು, ಗೆಲ್ಲಬಹುದಿತ್ತು. ಎಡಕ್ಕೆ ಇಳಿದರೆ ಸೋತ ಹಾಗೆಯೇ. ಆದರೆ ಅಂಥ ಕಾಲಿನವರು ಮಂಜಿನಲ್ಲಿ ದಾರಿ ತಪ್ಪಿ ಒಬ್ಬರೇ ಇಳಿಜಾರು ಇಳಿಯುತ್ತಿದ್ದಾರೆ. ಅವರನ್ನು ಬಿಟ್ಟು ಹೋದರೆ ನನಗೂ, ನನ್ನನ್ನು ಕಟ್ಟೆ ಮೇಲೆ ಕೂರಿಸುವವರಿಗೂ ಏನು ವ್ಯತ್ಯಾಸ? ಹಾಳಾಗಿ ಹೋಗಲಿ ಎಂದು ಎಡಕ್ಕೆ ಇಳಿದೆ. ಸಿಕ್ಕರೆ ಸರಿಯಾಗಿ ಬೈಯಬೇಕು ಅಂತಲೂ ಇತ್ತು. ಹಿಂದಿನವರೆಲ್ಲ ಒಬ್ಬರ ಹಿಂದೊಬ್ಬರು ಇಳಿದರು. ರಾಯರ ಪೀಪಿ ಮೇಲಿನಿಂದ ಒಂದೇ ಸಮನೆ ಕೂಗುತ್ತಿತ್ತು.

ತೋಪಿನೊಳಗೆ ಬಂದ ಕೂಡಲೆ ಶಬ್ದ ನಿಂತಿತು. ಕಾದೆವು, ಕೂಗಿದೆವು, ಕಾಲು ಗಟ್ಟಿಯಿದ್ದವರು ಮರದ ಸಾಲುಗಳ ನಡುವೆ ಹುಡುಕಿದರು. ಯಾರೂ ಇಲ್ಲ. ರಾಯರು ತಲೆ ಎಣಿಸಿದರು, ಹನ್ನೊಂದೂ ಸರಿಯಾಗಿತ್ತು. ಗಡಿಯಾರ ನೋಡಿ, ಏರಿ ಬಿಟ್ಟು ಇಳಿದದ್ದು ಯಾಕೆ ಎಂದು ಅವರು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿರುವಾಗಲೇ ಬಿಸಿಲು ಬಂತು. ಮಂಜು ಹರಿದು ಏರಿ ಕಾಣಿಸಿತು.

ನಾವು ಇಳಿದ ಜಾಡಿನಿಂದ ತುಸು ಮುಂದಕ್ಕೇ ಏರಿ ಮುಗಿದಿತ್ತು. ಕೆರೆಯ ಒಣಗಿದ ಭಾಗದಿಂದ ಮಣ್ಣು ಸಾಗಿಸಲು ಲಾರಿಗೆ ದಾರಿ ಬೇಕೆಂದು ಯಾರೋ ಏರಿಯನ್ನೇ ಕಡಿದಿದ್ದರು. ಹಿಂದಿನ ತಿಂಗಳು ಅದು ಇರಲಿಲ್ಲ. ಎರಡಾಳು ಆಳ, ಕೆಳಗೆ ಬರೀ ಒಡೆದ ಚಪ್ಪಡಿ ಕಲ್ಲು. ನಾನು ಎಡಕ್ಕೆ ತಿರುಗಿದ ಜಾಗದಿಂದ ಅಲ್ಲಿಗೆ ಹದಿನೈದು ಹೆಜ್ಜೆ. ನನ್ನ ಹೆಜ್ಜೆಯಲ್ಲಿ ಹದಿನೈದು. ಆಮೇಲೆ ಹತ್ತಿ ನಾನೇ ಎಣಿಸಿ ನೋಡಿದೆ. ಗುರುತು ಏನಾದರೂ ಇದೆಯೇ ಎಂದು ದನದ ಜಾಡಿನಲ್ಲೂ ಹುಡುಕಿದೆ. ಮುಂದೆ ಹೋದವರ ಹೆಜ್ಜೆಯನ್ನು ಹಿಂದೆ ಬಂದ ನಾವು ಹನ್ನೊಂದು ಜನ ತುಳಿದು ಅಳಿಸಿದ್ದೆವು.

ಅದು ಪ್ರತಿಧ್ವನಿ ಎಂದರು ರಾಯರು. ಮಂಜಿನಲ್ಲಿ ನಿಮ್ಮ ಕಾಲಿನ ಶಬ್ದವೇ ನಿಮಗೆ ತಿರುಗಿ ಕೇಳಿಸಿದೆ ಎಂದರು. ಪ್ರತಿಧ್ವನಿ ನಡುವೆ ನಿಂತು ಉಸಿರು ಸುಧಾರಿಸಿಕೊಳ್ಳುವುದಿಲ್ಲ ರಾಯರೇ, ಎಡಕ್ಕೆ ತಿರುಗುವುದೂ ಇಲ್ಲ ಎಂದೆ. ಇನ್ನು ಕೆಲವರು ಕೆರೆಯಮ್ಮ ಕಾಪಾಡಿದಳು, ಒಂದು ನಿಂಬೆಹಣ್ಣು ಇಟ್ಟು ಬರೋಣ ಎಂದರು. ನನ್ನ ಕಾಲಿಗೆ ಬಾರದ ದೇವರು ಏರಿಗೆ ಮಾತ್ರ ಬರುವರೇ? ನಿಂಬೆಹಣ್ಣಿಗೂ ನಾನು ಒಪ್ಪಲಿಲ್ಲ. ಭ್ರಮೆ ಅನ್ನುವವರಿಗೆ ಅನ್ಸರ್ ಭಾಯಿಯನ್ನು ಕೇಳಿ ಅನ್ನುತ್ತಿದ್ದೆ. ಈಗ ಅವರಿಲ್ಲ. ಕೊನೆಯವರೆಗೂ ಅವರು ತಮ್ಮ ಮಾತು ಬದಲಿಸಲಿಲ್ಲ.

ಮುಂದಿನ ತಿಂಗಳು ಕಟ್ಟೆಯ ಮಾತು ಯಾರೂ ಎತ್ತಲಿಲ್ಲ. ರಾಯರು ಪೀಪಿ ಹಿಡಿದು ಹೋಗಿ ಕೊನೆಯಲ್ಲಿ ನಿಂತುಕೊಂಡರು. ಆ ಕೆರೆಯ ಮೇಲೆ ಈಗ ಬಡಾವಣೆ ಎದ್ದಿದೆ. ನಾನಿನ್ನೂ ನಡೆಯುತ್ತಿದ್ದೇನೆ, ಈಗಲೂ ಎಲ್ಲರ ಮುಂದೆ. ಆ ಶಬ್ದ ಮತ್ತೆ ಕೇಳಿಸಲಿಲ್ಲ. ದೆವ್ವ ಎಂದರೆ ಈಗಲೂ ನಗುತ್ತೇನೆ, ಆದರೆ ಅವತ್ತು ಯಾರೂ ಇರಲಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಲು ನಿಮ್ಮಿಂದ ಆಗುವುದಿಲ್ಲ. ಯಾರು, ಎಲ್ಲಿಂದ ಬಂದರು, ಎಲ್ಲಿ ಹೋದರು, ಯಾವುದೂ ನನಗೆ ಗೊತ್ತಿಲ್ಲ. ಬೈಯಬೇಕೆಂದು ಇಟ್ಟುಕೊಂಡಿದ್ದ ಬೈಗುಳವನ್ನು ಮಾತ್ರ ಯಾವತ್ತೋ ಬಿಟ್ಟಿದ್ದೇನೆ. ನಮ್ಮ ನಿಯಮ ನಿಯಮವೇ. ಅವತ್ತು ಮುಂದೆ ನಡೆಯುವ ಹಕ್ಕು ಅವರದ್ದೇ ಆಗಿತ್ತು, ಅವರು ನನಗಿಂತ ನಿಧಾನ.