ಮಾಸ್ತರರ ಬೆನ್ನು ಹಿಡಿದ ಕುದುರೆಗಳು

ಮಣ್ಣಗುಡ್ಡದ ಹೃಷೀಕೇಶ ರಾಯರ ಹೆಂಡತಿ ಮನೋರಮಾಳಿಗೆ ದಿನದಲ್ಲಿ ತನ್ನದು ಎಂದು ಇದ್ದದ್ದು ಒಂದೇ ಹೊತ್ತು. ಮಧ್ಯಾಹ್ನ ಎಲ್ಲರ ಊಟವಾಗಿ, ಎಂಜಲು ಬಳಿದು, ಪಾತ್ರೆ ಬೋರಲು ಹಾಕಿದ ಮೇಲೆ ಹಿಂದಿನ ಜಗಲಿಯ ತಣ್ಣನೆ ನೆಲದಲ್ಲಿ ಸೆರಗು ಹಾಸಿ ಮಲಗುವುದು. ನಿದ್ದೆಯೇನೂ ಇಲ್ಲ. ಮಾಡಿನ ಹಂಚು ನೋಡುತ್ತಾ ಸುಮ್ಮನೆ ಬಿದ್ದುಕೊಳ್ಳುವುದು, ಅಷ್ಟೆ. ಆ ಹೊತ್ತು ತನಗೆ ಬೇಕು ಎಂದು ಅವಳು ಯಾರಲ್ಲೂ ಬಾಯಿಬಿಟ್ಟಿರಲಿಲ್ಲ. ಹೇಳಿದರೆ ಅದೂ ಹೋದೀತೆಂಬ ಹೆದರಿಕೆ.

ಕಡೆಗೂ ಅದು ಹೋಯಿತು, ಕುದುರೆಗಳ ದೆಸೆಯಿಂದ.

ರಾಯರು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವರು. ಇಗರ್ಜಿಗಳಿಗೆ ಸಂತರ ಮೂರ್ತಿ ಮಾಡಿಕೊಡುವ ಯೂಸ್ಟೇಸನ ಬಳಿ, ಊರು ಬಿಟ್ಟುಹೋದ ಯಾವನೋ ಬಿಳಿ ದೊರೆಯ ಬಂಗಲೆಯ ಗೋಡೆಯಲ್ಲಿದ್ದ ಶಿಲ್ಪದ ಹಲಗೆಗಳಿದ್ದವು. ಗ್ರೀಸ್ ದೇಶದ ಪುರಾತನ ದೇವಸ್ಥಾನದ ಶಿಲ್ಪದ ನಕಲು. ಅದರಿಂದ ಅಚ್ಚು ತೆಗೆಸಿ ರಾಯರು ಬಿಳಿ ಪ್ಲಾಸ್ಟರಿನ ಒಂದು ಹಲಗೆ ಮಾಡಿಸಿ ಚಾವಡಿಯ ಗೋಡೆಗೆ ಏರಿಸಿದರು. ಒಂದರ ಮೈಮೇಲೊಂದು ನುಗ್ಗುವ ಕುದುರೆಗಳು. ಮೇಲೆ ಮೂಗು ಮುರಿದ, ಮೈಮೇಲೆ ಬಟ್ಟೆ ನಿಲ್ಲದ ಸವಾರರು.

"ಹೊಸತು ಮಾಡಿಸುವಾಗ ಮೂಗು ಸಹ ಇಡಿಸಬಹುದಿತ್ತಲ್ಲ ಮಗಾ?" ಎಂದರು ತಾಯಿ ವಾರಿಜಮ್ಮ.

"ಅದು ಹಾಗೆಯೇ ಇರಬೇಕು ಅಮ್ಮ. ದೇವಸ್ಥಾನದ್ದು, ಸಾವಿರಾರು ವರ್ಷದ್ದು!"

ನೀರು ಸೋಕಿಸಬಾರದು ಎಂದು ಯೂಸ್ಟೇಸ್ ಹೇಳಿಹೋಗಿದ್ದ. ಆದ್ದರಿಂದ ದಿನಾ ಮಧ್ಯಾಹ್ನ ಮನೋರಮಾ ಸ್ಟೂಲು ಹತ್ತಿ, ಹಳೇ ಪಂಚೆಯ ಚಿಂದಿಯನ್ನು ಕಡ್ಡಿಗೆ ಸುತ್ತಿ, ಕುದುರೆಗಳ ಕಾಲುಸಂದಿಯ ಧೂಳು ತೆಗೆಯಬೇಕಾಯಿತು. ಮಳೆ ಹಿಡಿದ ಮೇಲೆ ಬೂಷ್ಟು ಬೇರೆ. ರಾಯರು ಶಾಲೆಯಿಂದ ಬಂದವರೇ ಬೆರಳಾಡಿಸುವರು. "ಇಲ್ಲಿ ನೋಡು, ಹೊಟ್ಟೆಯಡಿ ಹಾಗೇ ಉಂಟು." ಕುದುರೆಯ ಹೊಟ್ಟೆಯಡಿಯ ಬಗ್ಗೆ ಅವರಿಗಿದ್ದ ಕಾಳಜಿ ಹೆಂಡತಿಯ ಹೊಟ್ಟೆಯ ಬಗ್ಗೆ ಎಂದೂ ಇದ್ದದ್ದಿಲ್ಲ, ಊಟ ಆಯಿತಾ ಎಂದು ಅವಳನ್ನು ಒಮ್ಮೆಯೂ ಕೇಳಿದವರಲ್ಲ.

ಒಂದು ಆದಿತ್ಯವಾರ ಮಧ್ಯಾಹ್ನ ಉಬ್ಬಿಹೋಗಿ ಸಾರಿದರು: "ಯೂಸ್ಟೇಸನಿಗೆ ಹೇಳಿದ್ದೇನೆ. ಚಾವಡಿಯ ನಾಲ್ಕು ಗೋಡೆಗೂ ಬರ್ತದೆ, ಮೆರವಣಿಗೆಯ ಹಾಗೆ!"

ಮನೋರಮಾ ಸ್ಟೂಲಿನ ಮೇಲಿದ್ದಳು. ಬೀಳಲಿಲ್ಲ, ಅದೇ ಪುಣ್ಯ. ಒಂದು ಗೋಡೆಗೇ ಅವಳ ಮಧ್ಯಾಹ್ನ ಮುಗಿಯುತ್ತಿತ್ತು.

ಮರುದಿನ ಮಧ್ಯಾಹ್ನ ಅಂಗಳ ಗುಡಿಸಲು ಬಂದ ಬಾಗಿ, ತೆರೆದ ಬಾಗಿಲಿನಿಂದ ಮೊದಲ ಬಾರಿ ಗೋಡೆಯ ಕುದುರೆಗಳನ್ನು ಕಂಡಳು. ಪೊರಕೆ ಕೆಳಗಿಟ್ಟು ಕೈಮುಗಿದಳು.

"ದೊಡ್ಡಮ್ಮಾ, ಕುದುರೆ ಏರಿದ ಈ ದೈವ ಯಾವುದು? ಎಲ್ಲಿಂದ ಬಂದದ್ದು?"

"ಕಡಲಾಚೆಯದ್ದಂತೆ. ನಮ್ಮ ಹೃಷೀಕೇಶ ತಂದದ್ದು," ಎಂದರು ವಾರಿಜಮ್ಮ.

"ತಂದದ್ದಲ್ಲ ದೊಡ್ಡಮ್ಮ, ಅದೇ ಬಂದದ್ದು. ಧನಿಗಳ ಬೆನ್ನು ಹಿಡಿದು ಬಂದದ್ದು!"

ವಾರಿಜಮ್ಮ ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದರು. ಬೆನ್ನು ಹಿಡಿದು ಬಂದ ದೈವಕ್ಕೆ ಸರಿಯಾಗಿ ನಡೆದುಕೊಳ್ಳದ ಮನೆಗಳ ಕತೆ ಅವರಿಗೇನು ಗೊತ್ತಿಲ್ಲವೇ? ಅವರು ಸ್ಟೂಲಿನ ಮೇಲಿದ್ದ ಸೊಸೆಯ ಕಡೆ ತಿರುಗಿದರು.

"ಮನೋರಮಾ, ನೀನು ನಾಲ್ಕಕ್ಷರ ಕಲಿತವಳು. ಇದು ದೈವವಾ ಎಂತ?"

ಅದು ದೈವವಲ್ಲ ಎಂಬುದು ಮನೋರಮಾಳಿಗೆ ಚೆನ್ನಾಗಿ ಗೊತ್ತಿತ್ತು. ಗ್ರೀಸಿನ ಪಾಠ ಊಟಕ್ಕೆ ಬಡಿಸುವಾಗೆಲ್ಲ ಕೇಳಿದವಳು. ಕೈಯಲ್ಲಿದ್ದ ಚಿಂದಿಯನ್ನೊಮ್ಮೆ ನೋಡಿದಳು.

"ದೇವಸ್ಥಾನದ್ದು ಎಂದು ಅವರೇ ಹೇಳಿದ್ದಲ್ಲವಾ ಅತ್ತೆ. ನಾನು ಬೇರೆ ಎಂತ ಹೇಳ್ಲಿ?"

"ಅಯ್ಯೋ! ನೀನು ಅದನ್ನು ದಿನಾ ಮುಟ್ತಾ ಇದ್ದೆಯಲ್ಲ! ಮೊದಲು ಇಳಿ!"

ಸಂಜೆ ರಾಯರು ಬಾಗಿಲು ದಾಟುವ ಮೊದಲೇ ತೀರ್ಮಾನವಾಗಿತ್ತು. ಹೆಂಗಸರು ಮುಟ್ಟಕೂಡದು. ಯಾರ ಬೆನ್ನು ಹಿಡಿಯಿತೋ ಅವನೇ, ಮಿಂದು, ಒದ್ದೆ ಪಂಚೆಯಲ್ಲಿ, ಖಾಲಿ ಹೊಟ್ಟೆಯಲ್ಲಿ ಧೂಳು ತೆಗೆಯಬೇಕು.

"ಅಮ್ಮ, ಇದು ಕಲೆ!"

"ಇರಲಿ. ಕಲೆಯ ಧೂಳನ್ನು ನೀನೇ ತೆಗಿ."

"ಹಾಗಾದ್ರೆ ಇಳಿಸಿಬಿಡ್ತೇನೆ."

"ಬಂದು ಕೂತದ್ದನ್ನು ಇಳಿಸುವುದಾ? ಮಕ್ಕಳುಮರಿ ಇರುವ ಮನೆ ಮಾರಾಯ!"

ಮಾರನೆಯ ಬೆಳಿಗ್ಗೆ ರಾಯರು ನಡುಗುತ್ತಾ ಸ್ಟೂಲು ಹತ್ತಿದರು. ಅಡುಗೆಮನೆಯಿಂದ ದೋಸೆಯ ಪರಿಮಳ ಬರುತ್ತಿತ್ತು.

"ಕೇಳಿತಾ, ಈ ಹೊಟ್ಟೆಯಡಿಯದ್ದು ಹೋಗುವುದಿಲ್ಲವಲ್ಲ. ನೀನು ಹೇಗೆ ತೆಗೀತಿದ್ದಿ?"

"ಬಾಯಲ್ಲಿ ಊದಿ," ಎಂದಳು ಮನೋರಮಾ ಒಳಗಿನಿಂದ.

ರಾಯರು ಕೆನ್ನೆ ಉಬ್ಬಿಸಿದರು.

"ಊದಬೇಡ, ಎಂಜಲು!" ವಾರಿಜಮ್ಮ ಕೂಗಿದರು. "ಇನ್ನೊಮ್ಮೆ ಮಿಂದು ಬಾ."

ಕೆಲವು ದಿನ ಹೀಗೆ ಕಳೆದ ಮೇಲೆ ಯೂಸ್ಟೇಸ್ ಗೋಣಿ ಸುತ್ತಿದ ಹಲಗೆಯೊಂದನ್ನು ಕೈಗಾಡಿಯಲ್ಲಿ ತಂದು ನಿಂತ. ರಾಯರು ಸ್ಟೂಲಿನ ಮೇಲಿದ್ದರು. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಾಸ್ಟ್ರೇ, ಎರಡನೆಯದ್ದು ತಯಾರು. ಇದರಲ್ಲಿ ಕುದುರೆ ಇನ್ನೂ ಜಾಸ್ತಿ ಉಂಟು!"

ಅರೆಯುವ ಕಲ್ಲಿನ ಮುಂದಿದ್ದ ಮನೋರಮಾಳ ಕೈ ನಿಂತಿತು.

"ಬೇಡ ಮಾರಾಯ, ಬೇಡ!" ರಾಯರ ದನಿ ಹಿತ್ತಲಿಗೂ ಕೇಳಿತು. "ಗೋಡೆಯಲ್ಲಿ ಇದ್ದವರನ್ನೇ ಸುಧಾರಿಸಲಿಕ್ಕೆ ಆಗುವುದಿಲ್ಲ. ವಾಪಸು ತಗೊಂಡು ಹೋಗು!"

ಕಲ್ಲು ಮತ್ತೆ ತಿರುಗಿತು.

ಆ ಮಧ್ಯಾಹ್ನ ಅವಳು ಹಿಂದಿನ ಜಗಲಿಯಲ್ಲಿ ಸೆರಗು ಹಾಸಿ ಕಾಲು ಚಾಚಿದಳು. ಮಾಡಿನಲ್ಲಿ ಬೆಳಕು ಬಿಡುವ ಕನ್ನಡಿ ಹಂಚಿಗೆ ಧೂಳು ಕಟ್ಟಿತ್ತು. ನೋಡಿದಳು. ಇರಲಿ ಎಂದು ತಣ್ಣಗಿದ್ದ ಕಡೆಗೆ ಮಗ್ಗುಲಾದಳು.